ಸಾಗವಾನಿ ತಿಂದ ಯಂತ್ರ

ಮರ ಕೊರೆಯುವ ಜೀವಿ ಕಣ್ಣಿಗೆ ಬೀಳುವುದು ಅಪರೂಪ. ಅದು ಉದುರಿಸಿದ ಹೊಟ್ಟು ಮೊದಲು ಕಾಣುತ್ತದೆ. ಹಾನಗಲ್ಲಿನ ಮಾವಿನ ತೋಟದಲ್ಲಿ ಕಾಂಡದ ಬುಡಕ್ಕೆ ನಾರುನಾರಾದ ಹೊಟ್ಟು ಬಿದ್ದಿದ್ದರೆ ಒಳಗೆ ಕಾಂಡಕೊರಕದ ಮರಿಹುಳು ಕೂತಿದೆ ಎಂದೇ ಲೆಕ್ಕ. ಹಳೆಯ ಚೌಕಟ್ಟಿನ ಕೆಳಗೆ ಬೆರಳಿಗೆ ತಾಗಿದ್ದೂ ಗೊತ್ತಾಗದಷ್ಟು ನುಣ್ಣನೆಯ ಪುಡಿ ಕಂಡರೆ ಲಿಕ್ಟಸ್ ಜಾತಿಯ ಕುಟ್ಟೆಹುಳು. ಆರು ಮಗ್ಗುಲಿನ ಸಣ್ಣ ಕಾಳುಗಳು ಗುಡ್ಡೆಯಾಗಿದ್ದರೆ ಒಣಮರದ ಗೆದ್ದಲು. ದನದ ಕೊಟ್ಟಿಗೆಯ ತೊಲೆಯಿಂದ ಒರಟು ಚಕ್ಕೆಗಳು ಉದುರಿದ್ದರೆ ಮೇಲೆ ಕರಿದುಂಬಿ ಮನೆ ಕಟ್ಟುತ್ತಿದೆ. ಅದು ಕಟ್ಟಿಗೆ ತಿನ್ನುವುದಿಲ್ಲ, ಬರೀ ಕೊರೆದು ಹೊರಗೆ ಹಾಕುತ್ತದೆ.

ಹೊಟ್ಟು ನೋಡಿ ಹುಳು ಹೇಳುವ ಈ ಅಭ್ಯಾಸವನ್ನು ಇತ್ತೀಚೆಗೆ ಹಾವೇರಿ ಜಿಲ್ಲೆಯಲ್ಲಿ ಇನ್ನೊಂದು ಕೊರಕದ ಮೇಲೂ ಹೂಡಿ ನೋಡುತ್ತಿದ್ದೇನೆ. ಅದು ಮೇಜಿನ ಮೇಲೆ ಕೂರುವ ಕೆತ್ತನೆ ಯಂತ್ರ. ಕಂಪ್ಯೂಟರಿನಿಂದ ಚಿತ್ರ ಕೊಟ್ಟರೆ ಮೂರು ದಿಕ್ಕಿನಲ್ಲಿ ಸರಿದಾಡಿ ಹಲಗೆಯಲ್ಲಿ ಕಮಲ, ಗಣಪತಿ, ಮನೆಯ ಹೆಸರು ಮೂಡಿಸುತ್ತದೆ. ಅಂಗಡಿಯವರ ಬಾಯಲ್ಲಿ ಇದು ಸಿಎನ್‌ಸಿ. ಇವುಗಳಲ್ಲಿ ತೀರ ಸಣ್ಣದಕ್ಕೆ 3018 ಎಂಬ ಹೆಸರು. 300 ಮಿಲಿಮೀಟರ್ ಉದ್ದ, 180 ಮಿಲಿಮೀಟರ್ ಅಗಲದ ಜಾಗದಲ್ಲಷ್ಟೇ ಅದರ ಓಡಾಟ. ನಾಲ್ಕಡಿ ಎಂಟಡಿಯ ಇಡೀ ಪ್ಲೈವುಡ್ ಹಾಳೆ ಹಿಡಿಸುವ ದೊಡ್ಡದಕ್ಕೆ 1325 ಎನ್ನುತ್ತಾರೆ. ದೊಡ್ಡದು ದುಡಿಯಲಿಕ್ಕೆಂದೇ ಹುಟ್ಟಿದ್ದು, ಬೆಲೆ ಲಕ್ಷಗಳಲ್ಲಿ. ಸಣ್ಣದರ ಡಬ್ಬಿಯ ಮೇಲೆ ಹವ್ಯಾಸಕ್ಕೆ ಎಂದು ಬರೆದಿರುತ್ತದೆ. ಲಕ್ಷಗಳಿಲ್ಲದ ಬಡಿಗೇರರ ಹುಡುಗ ಸಣ್ಣದನ್ನು ತಂದು ದೊಡ್ಡದರ ಕೆಲಸ ಮಾಡಿಸುತ್ತಾನೆ. ಹಾನಗಲ್ಲಿನ ಒಂದು ಅಂಗಡಿಯಲ್ಲಿ ಈ ಮಾತು ತೆಗೆದಾಗ ಹುಡುಗ ನಕ್ಕ: “ಡಬ್ಬಿ ಮ್ಯಾಲೆ ಹವ್ಯಾಸ ಅಂತ ಬರದಾರ್ರಿ ಸರ, ಖರೆ. ನಮ್ಮ ಹೊಟ್ಟಿಗಿ ಅದು ಓದಾಕ ಬರಂಗಿಲ್ಲಲ್ರಿ.”

ಅವನ ಯಂತ್ರದ ಕೆಳಗಿನ ಹೊಟ್ಟನ್ನು ಚಿಟಿಕೆಯಲ್ಲಿ ಹಿಡಿದು ನೋಡಿದೆ. ಕಂದು ಬಣ್ಣ, ಹಿಟ್ಟಿನ ಹದ, ಸ್ವಲ್ಪ ಸುಟ್ಟ ವಾಸನೆ. ಮೊನೆ ಚೂಪಾಗಿದ್ದು ಕೊರೆತ ಸರಿಯಿದ್ದರೆ ಬೀಳಬೇಕಾದದ್ದು ಕಣ್ಣಿಗೆ ಕಾಣುವ ಚಕ್ಕೆ. ಲೆಕ್ಕ ಸರಳ. ನಿಮಿಷಕ್ಕೆ 10,000 ಸುತ್ತು ತಿರುಗುವ ಎರಡು ಅಲಗಿನ ಬಿಟ್ಟು, ಅಂದರೆ ಕೊರೆಯುವ ಮೊನೆ, ನಿಮಿಷಕ್ಕೆ 1000 ಮಿಲಿಮೀಟರ್ ಮುಂದೆ ಸಾಗಿದರೆ ಪ್ರತಿ ಅಲಗು ಒಂದು ಸಲಕ್ಕೆ 0.05 ಮಿಲಿಮೀಟರ್ ದಪ್ಪದ ಚಕ್ಕೆ ಎಬ್ಬಿಸುತ್ತದೆ. ಮೋಟರು ಹೆಣಗುತ್ತಿದೆಯೆಂದು ವೇಗವನ್ನು 300ಕ್ಕೆ ಇಳಿಸಿದರೆ ಚಕ್ಕೆ 0.015ಕ್ಕೆ ಇಳಿಯುತ್ತದೆ. ಆಗ ಅಲಗು ಕತ್ತರಿಸುವುದನ್ನು ಬಿಟ್ಟು ಉಜ್ಜತೊಡಗುತ್ತದೆ. ಉಜ್ಜಿದರೆ ಕಾವು, ಕಾವಿಗೆ ಅಲಗು ಮೊಂಡು, ಮೊಂಡು ಅಲಗನ್ನು ತಳ್ಳಲು ಮೋಟರಿಗೆ ಇನ್ನಷ್ಟು ಹೆಣಗಾಟ. ಬಲವಿಲ್ಲದ ಯಂತ್ರ ತನ್ನ ಹಲ್ಲನ್ನು ತಾನೇ ಬೇಗ ತೇಯಿಸಿಕೊಳ್ಳುವುದು ಹೀಗೆ.

ಹಲ್ಲು ತೇಯುವುದು ಮರ ಕೊರೆಯುವ ಎಲ್ಲರ ಕಷ್ಟ. ಮಾವಿನ ಕಾಂಡಕೊರಕದ ಮರಿಗೆ ಪೊರೆ ಬಿಡುವ ಭಾಗ್ಯವಿದೆ. ಪ್ರತಿ ಪೊರೆಯ ಜೊತೆ ಹೊಸ ದವಡೆ ಬರುತ್ತದೆ. ಅದೇ ತೋಟದಲ್ಲಿ ಬೆನ್ನ ಮೇಲೆ ಚಿನ್ನದ ಬಣ್ಣ ಹೊತ್ತು ಕಾಂಡ ಕುಟ್ಟುವ ಮರಕುಟಿಗದ ಕೊಕ್ಕಿನ ಹೊರಕವಚ ತೇಯುತ್ತಾ ಬೆಳೆಯುತ್ತಾ ಇರುತ್ತದೆ. ಇಲಿಯ ಬಾಚಿಹಲ್ಲೂ ಹಾಗೆಯೇ. ಕರಿದುಂಬಿಗೆ ಈ ಯಾವ ಸೌಕರ್ಯವೂ ಇಲ್ಲ. ರೆಕ್ಕೆ ಬಂದ ಮೇಲೆ ಕೀಟ ಪೊರೆ ಬಿಡುವುದಿಲ್ಲವಾದ್ದರಿಂದ ಇದ್ದ ದವಡೆಯಲ್ಲೇ ಕೊನೆತನಕ ಬದುಕಬೇಕು. ದುಂಬಿಗಳ ವಯಸ್ಸು ಅಂದಾಜಿಸುವವರು ನೋಡುವುದೂ ಅದನ್ನೇ: ದವಡೆ ಎಷ್ಟು ಮೊಂಡಾಗಿದೆ, ರೆಕ್ಕೆಯಂಚು ಎಷ್ಟು ಹರಿದಿದೆ ಎಂದು. ಹುಟ್ಟಿದ ದಿನ ತಿಳಿದರೂ ಅದರಿಂದ ಅಷ್ಟು ಪ್ರಯೋಜನವಿಲ್ಲ. ಎಷ್ಟು ಕೊರೆಯಿತು, ಎಷ್ಟು ಹಾರಿತು ಎಂಬುದೇ ವಯಸ್ಸು.

ಯಂತ್ರದ ವಯಸ್ಸನ್ನೂ ಹಾಗೇ ಅಳೆಯಬೇಕೆಂದು ನನ್ನ ವಾದ. ಒಂದು 300×180ರ ಹಲಗೆಯಲ್ಲಿ ಉಬ್ಬುಕೆತ್ತನೆ ಮಾಡುವಾಗ ಬಿಟ್ಟು ಅರ್ಧ ಮಿಲಿಮೀಟರ್ ಅಂತರದಲ್ಲಿ ಗೆರೆ ಎಳೆಯುತ್ತ ಹೋಗುತ್ತದೆ ಎನ್ನಿ. ಅಲ್ಲಿಗೆ 360 ಗೆರೆ, ಒಟ್ಟು 108 ಮೀಟರ್ ನಡಿಗೆ. ನಿಮಿಷಕ್ಕೆ ಒಂದು ಮೀಟರಿನಂತೆ ನಡೆದರೆ 108 ನಿಮಿಷ. ತಲೆಯನ್ನು ಅತ್ತಿತ್ತ ಒಯ್ಯುವ ತಿರುಪುಸರಳು ಒಂದು ಸುತ್ತಿಗೆ ಎಂಟು ಮಿಲಿಮೀಟರ್ ಸರಿಸುವಂಥದ್ದಾದರೆ ಆ ಒಂದು ಹಲಗೆಗೆ 13,500 ಸುತ್ತು. ಹವ್ಯಾಸಿ ಭಾನುವಾರಕ್ಕೊಂದು ಹಲಗೆ ಕೆತ್ತುತ್ತಾನೆ. ಅಂಗಡಿಯಲ್ಲಿ ದಿನಕ್ಕೆ ನಾಲ್ಕು, ವಾರಕ್ಕೆ ಆರು ದಿನ, ಒಟ್ಟು 24 ಹಲಗೆ. ಅಂಗಡಿಯ ಒಂದು ವಾರ ಹವ್ಯಾಸಿಯ ಐದೂವರೆ ತಿಂಗಳಿಗೆ ಸಮ. ಅಂಗಡಿಯ ಒಂದು ದಿನದಲ್ಲಿ ಮೋಟರು ತಿರುಗುವುದು 43 ಲಕ್ಷ ಸುತ್ತು ದಾಟುತ್ತದೆ. ಆ ಮೋಟರಿನೊಳಗಿನ ಇದ್ದಿಲಿನ ಬ್ರಷ್ಷುಗಳ ಆಯಸ್ಸು ಕೆಲವು ನೂರು ಗಂಟೆ. “ಒಂದ ವರ್ಷದ್ದೈತ್ರಿ, ಹೊಸಾದ ಐತಿ” ಎಂದು ಮಾರುವವನು ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ, ಅಳತೆಯ ಕೋಲು ಬೇರೆ ಹಿಡಿದಿದ್ದಾನೆ.

ಸುತ್ತು ಲೆಕ್ಕ ಹಾಕಿದರೂ ಅರ್ಧ ಮಾತ್ರ ತಿಳಿಯಿತು. ಉಳಿದರ್ಧ ಮರದಲ್ಲಿದೆ. ಹಾನಗಲ್ಲಿನ ಪಶ್ಚಿಮಕ್ಕೆ ಮಲೆನಾಡಿನ ಅಂಚು; ಅಲ್ಲಿ ಸಾಗವಾನಿಯೇ ಚೌಕಟ್ಟಿನ ರಾಜ. ಸಾಗವಾನಿ ನೋಡಲು ಸಾಧು. ಸೀಳುವುದಿಲ್ಲ, ಸೊಟ್ಟಗಾಗುವುದಿಲ್ಲ, ಉಳಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಮಣ್ಣಿನಿಂದ ಮೇಲಕ್ಕೆಳೆದ ಸಿಲಿಕಾ, ಅಂದರೆ ಮರಳಿನ ವಸ್ತುವೇ, ಅದರ ಕೋಶಗಳಲ್ಲಿ ಕೂತಿರುತ್ತದೆ. ಪ್ರಮಾಣ ಮರದಿಂದ ಮರಕ್ಕೆ ಬೇರೆ. ತೂಕದ ಶೇಕಡಾ 1.4ರವರೆಗೂ ಹೋಗುತ್ತದೆ. ಗೆದ್ದಲಿಗೆ ಒಗ್ಗದ ಟೆಕ್ಟೋಕ್ವಿನೋನ್ ಎಂಬ ರಾಸಾಯನಿಕವೂ ಅದರಲ್ಲಿದೆ. ನೂರು ವರ್ಷ ನಿಂತು ಹುಳು, ಗೆದ್ದಲು, ಅಣಬೆಗಳ ವಿರುದ್ಧ ಮರ ಕೂಡಿಟ್ಟ ಆಯುಧಗಳಿವು. ಕಡಿದು, ಒಣಗಿಸಿ, ಹಲಗೆ ಮಾಡಿದ ಮೇಲೂ ಅವು ಅಲ್ಲೇ ಇವೆ, ಈಗ ಬಿಟ್ಟಿನ ಮೊನೆಗೆ ಎದುರಾಗಿ. ಉಳಿ ಹಿಡಿದವನು ನಡುನಡುವೆ ಎದ್ದು ಸಾಣೆಗೆ ಹೋಗುತ್ತಾನೆ. ಅವನ ಮಣಿಕಟ್ಟಿಗೆ ಮೊಂಡುತನ ಗೊತ್ತಾಗುತ್ತದೆ. ಯಂತ್ರಕ್ಕೆ ಮಣಿಕಟ್ಟಿಲ್ಲ. ಬಿಟ್ಟು ಮೊಂಡಾದರೂ ಹಾಕಿಕೊಟ್ಟ ದಾರಿಯಲ್ಲೇ ನೂಕುತ್ತದೆ, ಆ ನೂಕಿನ ಪೆಟ್ಟು ಹಿಂದಕ್ಕೆ ಬಂದು ಬೇರಿಂಗಿಗೆ, ಹಿತ್ತಾಳೆಯ ನಟ್ಟಿಗೆ, ಹಳಿಗೆ ಬೀಳುತ್ತದೆ. ಬರೀ ಮಾವಿನ ಹಲಗೆ ಕೆತ್ತಿದ ಯಂತ್ರವನ್ನೂ ಬರೀ ಸಾಗವಾನಿ ಕೆತ್ತಿದ ಯಂತ್ರವನ್ನೂ ಒಂದೇ ತಾಸಿನ ಲೆಕ್ಕದಲ್ಲಿ ತೂಗಲಾಗದು.

ಕೆತ್ತನೆಗೆ ಯಂತ್ರ ಬಂದದ್ದು ಈ ನೆಲಕ್ಕೆ ಹೊಸತು ಎನ್ನುವವರನ್ನು ಹಾನಗಲ್ಲಿನ ತಾರಕೇಶ್ವರ ಗುಡಿಗೆ ಕರೆದೊಯ್ಯಬೇಕು. ಚಾವಣಿಯಲ್ಲಿ ಕೆಳಮುಖವಾಗಿ ಅರಳಿದ ಆ ದೊಡ್ಡ ಕಮಲ ನೋಡಿ ಎಲ್ಲರೂ ಕತ್ತು ನೋಯಿಸಿಕೊಳ್ಳುತ್ತಾರೆ. ನನಗೆ ಅದರ ಕೆಳಗಿನ ಕಂಬಗಳ ಮೇಲೆಯೇ ಕಣ್ಣು. ಕಲ್ಯಾಣ ಚಾಲುಕ್ಯರ ಕಾಲದ ಇಂಥ ಕಂಬಗಳು ಕಡೆತದಿಂದ ಆದವು. ಕಲ್ಲು ತಿರುಗುತ್ತಿತ್ತು, ಉಳಿ ನಿಂತಿತ್ತು. ಮೆದುವಾದ ಬಳಪದ ಕಲ್ಲನ್ನು ಆರಿಸಿಕೊಂಡದ್ದರಿಂದ ಅದು ಸಾಧ್ಯವಾಯಿತು. ತಮ್ಮ ಸಲಕರಣೆಯ ಹಲ್ಲಿಗೆ ಎಂಥ ಆಹಾರ ಸಲ್ಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಆಷಾಢ ಬಂದರೆ ಗೃಹಪ್ರವೇಶಗಳಿಲ್ಲ, ಬಾಗಿಲಿನ ಗಿರಾಕಿಗಳಿಲ್ಲ. ಹೊರಗೆ ಜಿಟಿಜಿಟಿ ಮಳೆ. ಯಂತ್ರ ವರ್ಷವಿಡೀ ದುಡಿದು ಸವೆದದ್ದಕ್ಕಿಂತ ಈ ತಿಂಗಳಲ್ಲಿ ಸುಮ್ಮನೆ ಕೂತು ಕೆಡುವುದೇ ಹೆಚ್ಚೇನೋ ಎನ್ನುವಷ್ಟು ಅನುಮಾನ ನನಗೆ. ನುಣ್ಣನೆಯ ಹೊಟ್ಟು ತಿರುಪುಸರಳಿನ ಗ್ರೀಸನ್ನೆಲ್ಲ ಹೀರಿಕೊಂಡು ಮೊದಲೇ ಅಂಟುಮುದ್ದೆಯಾಗಿರುತ್ತದೆ. ಈಗ ಗಾಳಿಯ ತೇವವನ್ನೂ ಹೀರುತ್ತದೆ. ಸರಳಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ. ಶ್ರಾವಣದಲ್ಲಿ ಮತ್ತೆ ಓಡಿಸಿದಾಗ ಆ ಚುಕ್ಕೆಗಳು ಅರದ ಹಾಗೆ ಹಿತ್ತಾಳೆಯನ್ನು ತಿನ್ನುತ್ತವೆ. ಮಾರಾಟದ ಮಾತು ಏಳುವುದೂ ಇದೇ ಬಿಡುವಿನಲ್ಲಿ. ಕೊಳ್ಳುವವರಿಗೆ ಹೇಳುವುದಿಷ್ಟು: ಆ ಹೊತ್ತಿಗೆ ಟಾರ್ಚು ಹಿಡಿದು ಅಲ್ಯುಮಿನಿಯಂ ಚೌಕಟ್ಟಿನ ಸೀಳುಗಳಲ್ಲಿ ಇಣುಕಿ. ಮಣ್ಣುಕಣಜ ಅಲ್ಲಿ ಗೂಡು ಮೆತ್ತಿರುತ್ತದೆ, ಒಳಗೆ ಮರಿಗೆಂದು ಜೇಡಗಳನ್ನು ತುಂಬಿ. ಗೂಡಿನಲ್ಲಿ ದುಂಡನೆಯ ತೂತಿದ್ದರೆ ಮರಿ ಬೆಳೆದು ಹಾರಿಹೋಗಿದೆ, ಅಂದರೆ ಯಂತ್ರದ ಆ ಮೂಲೆ ಕೆಲವು ವಾರ ಅಲುಗಿಲ್ಲ. “ನಿನ್ನಿತನಾ ಓಡೇತ್ರಿ” ಎಂಬ ಮಾತಿಗೆ ಅದಕ್ಕಿಂತ ನಿಷ್ಪಕ್ಷಪಾತಿ ಸಾಕ್ಷಿ ಸಿಗದು. ಕಂಟ್ರೋಲ್ ಡಬ್ಬಿ ತೆಗೆದರೆ ಹಲ್ಲಿಯ ಹಿಕ್ಕೆ, ಇಲಿ ಕಡಿದು ಟೇಪು ಸುತ್ತಿದ ವೈರು ಸಿಗಬಹುದು. ಅವನ್ನೆಲ್ಲ ಗುರುತು ಹಾಕಿಕೊಳ್ಳಿ. ಆ ವೈರು ಮುಂದೊಂದು ದಿನ ಅರ್ಧ ಗಣಪತಿಯಲ್ಲಿ ಕೈಕೊಡುತ್ತದೆ.

ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಕೋಟೆಯೊಳಗೆ ನವಿಲುಗಳ ತಾಣವಿದೆ. 139 ಎಕರೆಯ ಆ ಜಾಗ 2006ರಲ್ಲಿ ನವಿಲುಧಾಮವಾಯಿತು. 66 ಕಂಬಗಳ ನಗರೇಶ್ವರ ಗುಡಿ ಇರುವುದೂ ಅಲ್ಲೇ, ಜನರ ಬಾಯಲ್ಲಿ ಅರವತ್ತು ಕಂಬದ ಗುಡಿ. ಮಳೆಗಾಲ ಇಳಿಮುಖವಾದಂತೆ ಗಂಡುನವಿಲು ತನ್ನ ಉದ್ದದ ಗರಿಗಳನ್ನು ಒಂದೊಂದಾಗಿ ಕಳಚಿ ಬೋಳಾಗುತ್ತದೆ. ಆಗ ನೋಡಿದವರಿಗೆ ಅದು ರೋಗದ ಹಕ್ಕಿ. ಬೇಸಿಗೆಯ ಹೊತ್ತಿಗೆ ಗರಿ ಮತ್ತೆ ಪೂರ್ತಿ ಬಂದಿರುತ್ತದೆ. ಗರಿ ಉದುರಿದ ನವಿಲನ್ನು ಮುದಿ ಎಂದು ಯಾರೂ ಲೆಕ್ಕ ಹಾಕಬಾರದು. ಮುಪ್ಪು ತಿಳಿಯಬೇಕಾದರೆ ಗರಿ ಬಿಟ್ಟು ಬೇರೆ ಕಡೆ ನೋಡಬೇಕು.

ಹಳೆಯ ಯಂತ್ರದಲ್ಲೂ ಗರಿ ಯಾವುದು, ಎಲುಬು ಯಾವುದು ಎಂದು ಬೇರ್ಪಡಿಸದೆ ಬೆಲೆ ಕಟ್ಟಲಾಗದು. ಬಿಟ್ಟು, ಅದನ್ನು ಕಚ್ಚಿ ಹಿಡಿಯುವ ಕಾಲೆಟ್ಟು, ಬ್ರಷ್ಷು, ಬೆಲ್ಟು, ಹಿತ್ತಾಳೆಯ ನಟ್ಟು ಇವೆಲ್ಲ ಗರಿ. ಸಾವಿರದೊಳಗೋ ಸ್ವಲ್ಪ ಮೇಲೋ ಮುಗಿಯುತ್ತವೆ, ಅಂಚೆಯಲ್ಲಿ ಬರುತ್ತವೆ. ಚೌಕಟ್ಟು, ಹಳಿಗಳು, ತಿರುಪುಸರಳು ಎಲುಬು. ಅವು ಸವೆದರೆ ಬದಲಾಯಿಸುವ ಖರ್ಚು ಯಂತ್ರದ ಬೆಲೆಯನ್ನೇ ನುಂಗುತ್ತದೆ. ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಂದಿಳಿದ ಹಳೆಯ ಯಂತ್ರಗಳನ್ನು ನೋಡಿದ್ದೇನೆ. ಒರೆಸಿ, ಎಣ್ಣೆ ಸವರಿ ಮಿರಮಿರ ಮಿಂಚಿಸಿರುತ್ತಾರೆ. ಆ ಮಿಂಚಿಗಿಂತ ನಟ್ಟು ಬದಲಿಸಿದ ಬಿಲ್ಲು, ಬ್ರಷ್ಷು ಹಾಕಿದ ತಾರೀಕು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದರೂ ಸಾಕು, ಅದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಗರಿ ಬದಲಿಸಿದವನು ಎಲುಬನ್ನೂ ಕಾಯ್ದಿರುತ್ತಾನೆ.

ಎಲುಬಿನ ಸವೆತ ಹುಡುಕಲು ತಾಳ್ಮೆ ಬೇಕು. ತಿರುಪುಸರಳಿನ ಕೆಳಗೆ, ಗುಡಿಸುವ ಬ್ರಷ್ಷು ತಲುಪದ ಮೂಲೆಯಲ್ಲಿ ಕರಿಯ ಜಿಡ್ಡಿನ ನಡುವೆ ಹೊಂಬಣ್ಣದ ಪುಡಿ ಮಿನುಗಿದರೆ ಅದು ನಟ್ಟಿನ ಹಿತ್ತಾಳೆ. ಹಿತ್ತಾಳೆ ಹೋಗಿದ್ದರೆ ನಷ್ಟ ಸಣ್ಣದು. ಆಮೇಲೆ ಸರಳನ್ನು ಕೈಯಿಂದ ತಿರುಗಿಸುತ್ತ ತಲೆಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಒಯ್ಯಿರಿ. ಅಂಗಡಿಯವರು ಹಲಗೆಯನ್ನು ಯಾವಾಗಲೂ ನಟ್ಟನಡುವೆಯೇ ಬಿಗಿಯುತ್ತಾರೆ. ಆದ್ದರಿಂದ ಸರಳು ನಡುವೆ ಸವೆದು ತುದಿಗಳಲ್ಲಿ ಹೊಸದಾಗಿಯೇ ಉಳಿಯುತ್ತದೆ. ನಡುವಿಗೆ ಸರಿಯಾಗುವಂತೆ ನಟ್ಟು ಬಿಗಿದರೆ ತುದಿಯಲ್ಲಿ ಸಿಕ್ಕಿಬೀಳುತ್ತದೆ, ತುದಿಗೆ ಹೊಂದಿಸಿದರೆ ನಡುವೆ ಗಡಗಡ. ಈ ರೋಗಕ್ಕೆ ಬಿಗಿತದ ಮದ್ದಿಲ್ಲ.

ಸವಣೂರಿನಲ್ಲಿ ಒಬ್ಬ ಅಂಗಡಿಕಾರ ತನ್ನ ಯಂತ್ರ ಮಾರಲು ಇಟ್ಟಿದ್ದ. ಅವನ ಲೆಕ್ಕಪತ್ರ ನೋಡಿಕೊಳ್ಳುವವರು ವರ್ಷಕ್ಕೆ ಶೇಕಡಾ 15ರಂತೆ ಸವಕಳಿ ಬರೆದಿದ್ದರು. ಆದಾಯ ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯ ಯಂತ್ರಗಳಿಗೆ ಅದೇ ದರ. ಲಕ್ಷ ರೂಪಾಯಿಯ ಯಂತ್ರ ಒಂದು ವರ್ಷಕ್ಕೆ 85,000, ಎರಡಕ್ಕೆ 72,250, ಮೂರಕ್ಕೆ 61,412. ಆ ಕೊನೆಯ ಅಂಕಿಯ ಪ್ರಮಾಣದಲ್ಲೇ ಅವನು ಬೆಲೆ ಹೇಳುತ್ತಿದ್ದ. ಕಾಗದದ ಮೇಲೆ ಕೆತ್ತಿದ್ದು ಸಾಗವಾನಿಯೋ ಮಾವೋ ತಿಳಿಯುವುದಿಲ್ಲ. ಕಂಪನಿಗಳ ಕಾನೂನು ಮಾತ್ರ ಈ ವಿಷಯದಲ್ಲಿ ಸ್ವಲ್ಪ ಜಾಣತನ ತೋರಿದೆ: 2013ರ ಕಾಯಿದೆಯ ಎರಡನೇ ಅನುಸೂಚಿಯ ಪ್ರಕಾರ ಯಂತ್ರ ಎರಡು ಪಾಳಿ ದುಡಿದರೆ ಆ ಅವಧಿಗೆ ಸವಕಳಿ ಅರ್ಧದಷ್ಟು ಹೆಚ್ಚು, ಮೂರು ಪಾಳಿ ದುಡಿದರೆ ಇಮ್ಮಡಿ. ಸವಣೂರಿನ ಬಡಿಗೇರರಿಗೆ ಆ ಕಾನೂನಿನ ಸೋಂಕಿಲ್ಲ, ಆದರೆ ಅದರ ಬುದ್ಧಿ ಬಳಸಿಕೊಳ್ಳಲು ಅಡ್ಡಿಯೇನು?

ಅಂಗಡಿಯಿಂದ ಹೊರಟು ದೊಡ್ಡಹುಣಸೆ ಕಲ್ಮಠಕ್ಕೆ ಹೋದೆ. ಅಲ್ಲಿನ ದೊಡ್ಡ ಹುಣಸೆಮರಗಳು ಆಫ್ರಿಕದ ಮೂಲದವು, ಅಡನ್ಸೋನಿಯಾ ಡಿಜಿಟೇಟಾ. ನಮ್ಮ ಹುಣಸೆಗೂ ಅದಕ್ಕೂ ನಂಟಿಲ್ಲ. ಕಾಂಡದ ಗಾತ್ರ ನೋಡಿದರೆ ಎಷ್ಟು ಬಾಗಿಲು ಬಂದಾವು ಎನ್ನಿಸುತ್ತದೆ; ಒಂದೂ ಬಾರದು. ಒಳಗೆ ನೀರು ತುಂಬಿದ ಮೆತ್ತನೆಯ ನಾರು, ಒಣಗಿದರೆ ಕುಸಿಯುವಂಥದ್ದು. ಯಾವ ಬಿಟ್ಟಿಗೂ ಅದರಿಂದ ಅಪಾಯವಿಲ್ಲ, ಯಾವ ಬಡಿಗೇರನಿಂದಲೂ ಅದಕ್ಕೆ ಅಪಾಯವಿಲ್ಲ. ಊರಿನ ಸಾಗವಾನಿಗಳೆಲ್ಲ ಚೌಕಟ್ಟಾದ ಮೇಲೂ ಇವು ಉಳಿದದ್ದರಲ್ಲಿ ಮಠದ ಭಕ್ತಿಗಿರುವಷ್ಟೇ ಪಾಲು ಈ ನಿರುಪಯೋಗಕ್ಕೂ ಇದ್ದೀತು.

ನಮ್ಮ ಕಡೆ ಎತ್ತಿನ ವ್ಯಾಪಾರದಲ್ಲಿ ಕೊಂಬಿನ ಬಣ್ಣಕ್ಕೆ ಯಾರೂ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿ ಕೂಡಿದ್ದು, ಆಮೇಲೆ ಹಲ್ಲು ಸವೆದದ್ದು. ಯಂತ್ರದ ಬಾಯಿ ತೆರೆಸುವ ಉಪಾಯವೂ ಇದೆ. ಮಾರುವವನು ಗಣಪತಿಯನ್ನೋ ಲಕ್ಷ್ಮಿಯನ್ನೋ ಕೆತ್ತಿ ತೋರಿಸುತ್ತಾನೆ. ಉಬ್ಬುತಗ್ಗಿನ ಮೂರ್ತಿ ಎಲ್ಲ ತಪ್ಪನ್ನೂ ತನ್ನ ಸೊಂಡಿಲಿನಲ್ಲಿ ಮುಚ್ಚಿಕೊಳ್ಳುತ್ತದೆ, ಉಳಿದದ್ದನ್ನು ಮರಳುಕಾಗದ ತೀಡುತ್ತದೆ. ಅಂಗೈಯಗಲದ ಒಂದು ಬರೀ ವೃತ್ತ ಕೊರೆಸಿ. ವೃತ್ತದಲ್ಲಿ ಪ್ರತಿ ದಿಕ್ಕಿನ ಚಲನೆಯೂ ಎರಡೆರಡು ಸಲ ಹಿಂದಿರುಗಬೇಕು. ನಟ್ಟು ಸಡಿಲವಾಗಿದ್ದರೆ ಆ ನಾಲ್ಕು ತಿರುವುಗಳಲ್ಲಿ ಸಣ್ಣ ಮೆಟ್ಟಿಲೋ ಚಪ್ಪಟೆಯೋ ಮೂಡುತ್ತದೆ. ಕಣ್ಣಿಗೆ ಕಾಣದಿದ್ದರೆ ಉಗುರಿಗೆ ಸಿಗುತ್ತದೆ. ಆಮೇಲೆ ಮೋಟರನ್ನು ಇಪ್ಪತ್ತು ನಿಮಿಷ ಬರಿದೇ ಓಡಿಸಿ, ನಿಲ್ಲಿಸಿ, ನಿಲ್ಲುವಾಗಿನ ಸದ್ದು ಕೇಳಿ. ಆರೋಗ್ಯದ ಬೇರಿಂಗು ಉಸಿರು ಬಿಟ್ಟ ಹಾಗೆ ನಿಧಾನ ನಿಲ್ಲುತ್ತದೆ. ಸವೆದದ್ದು ಕರಕರ ಅಂದು ತಟ್ಟನೆ ನಿಲ್ಲುತ್ತದೆ.

ಹಿರೇಕೆರೂರು ಕಡೆ ನನ್ನ ಟಿಪ್ಪಣಿ ಸಣ್ಣದು. ಕೂರಿಗೆ, ಕುಂಟೆಗಳಿಗೆ ಕರಿಜಾಲಿಯನ್ನೇ ನಂಬುವ ಹಳೆಯ ಬಡಿಗೇರರೊಬ್ಬರು ಮಗನ ಯಂತ್ರಕ್ಕೆ ಜಾಲಿಯ ತುಂಡನ್ನು ಮುಟ್ಟಗೊಡುವುದಿಲ್ಲ. “ಜಾಲಿಗಿ ನಮ್ಮ ಬಾಚಿನ ಬೆವರತೈತ್ರಿ ಸರ, ಆ ಆಟಿಗಿ ಸಾಮಾನ ಏನ್ ತಾಳತೈತಿ?” ಅಂದರು. ಮಗ ಒಳಗಿನಿಂದಲೇ, “ಅಪ್ಪಾ, ನೀ ಸುಮ್ಕಿರು” ಅಂದ. ಯಂತ್ರ ಮುಟ್ಟಿ ನೋಡಿದೆ. ಸೊರಗಿತ್ತು, ಆದರೆ ಕೆಟ್ಟಿರಲಿಲ್ಲ. ಮಗ ಅದನ್ನು ಬಾಗಿಲಿನ ಕೆಲಸದಿಂದ ಬಿಡಿಸಿ ಈಗ ಅಕ್ರಿಲಿಕ್ ಹೆಸರುಫಲಕಕ್ಕೆ ಹಚ್ಚಿದ್ದಾನೆ. ತೆಳ್ಳಗೆ ಗೀರುವ ಹಗುರ ಕೆಲಸ.

ಇದಕ್ಕೆ ಕಾಡಿನಲ್ಲಿ ಪೂರ್ವಾಧಾರವಿದೆ. ಎಲೆ ಕತ್ತರಿಸುವ ಅಮೆರಿಕದ ಇರುವೆಗಳ ದವಡೆ ಸವೆತವನ್ನು ಒರೆಗನ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಕೋಫೀಲ್ಡ್ ಮತ್ತು ಸಂಗಡಿಗರು ಅಳೆದು 2011ರಲ್ಲಿ ಪ್ರಕಟಿಸಿದರು. ದವಡೆ ತೀರ ಮೊಂಡಾದ ಇರುವೆಗೆ ಅದೇ ಎಲೆ ಕತ್ತರಿಸಲು ಚೂಪು ದವಡೆಯ ಇರುವೆಗಿಂತ ಸುಮಾರು ಎರಡು ಪಟ್ಟು ಹೊತ್ತು ಬೇಕು. ಅಂಥ ಇರುವೆಗಳು ಕತ್ತರಿಸುವುದನ್ನು ಬಿಟ್ಟು, ಬೇರೆಯವರು ಕತ್ತರಿಸಿದ್ದನ್ನು ಹೊರುವ ಕೆಲಸಕ್ಕೆ ಸರಿಯುತ್ತವೆ. ಗೂಡಿನಲ್ಲಿ ಗುಜರಿ ಎಂಬುದಿಲ್ಲ.

ಹಳೆಯ ಹವ್ಯಾಸಿ ಯಂತ್ರ ಕೊಳ್ಳುವವರಿಗೆ ನನ್ನ ತೀರ್ಪು ಹೀಗಿದೆ. ವೃತ್ತ ಶುದ್ಧವಾಗಿ ಬಂದು, ನಟ್ಟು ಬ್ರಷ್ಷುಗಳ ಲೆಕ್ಕ ಸಿಕ್ಕರೆ ಹೊಸದರ ಅರ್ಧ ಬೆಲೆ ಕೊಡಿ. ವೃತ್ತದಲ್ಲಿ ಮೆಟ್ಟಿಲು ಕಂಡು, ಅಂಗಡಿ ಸಾಗವಾನಿಯದಾಗಿದ್ದರೆ ಮೂರನೆಯ ಒಂದು ಭಾಗದ ಮೇಲೆ ಒಂದು ರೂಪಾಯಿಯೂ ಬೇಡ, ಅದೂ ಫಲಕದ ಕೆಲಸಕ್ಕೆಂದಾದರೆ. ಸರಳಿನ ನಡು ಸವೆದಿದ್ದರೆ ಬಿಡಿಭಾಗದ ಬೆಲೆಗೆ ಕೇಳಿ, ಇಲ್ಲವೇ ಚಹಾ ಕುಡಿದು ಎದ್ದುಬನ್ನಿ. ಮಾರುವವರೂ ಯಂತ್ರದ ಪಕ್ಕ ಒಂದು ವಹಿ ಇಟ್ಟು ದಿನದ ತಾಸು, ಕೆತ್ತಿದ ಮರದ ಹೆಸರು ಬರೆಯುತ್ತ ಹೋದರೆ ಎರಡು ಕಡೆಯೂ ಜಗಳ ಕಡಿಮೆ. ಇನ್ನು ಆ ಹೊಟ್ಟನ್ನು ನನ್ನ ಹಾಗೆ ಚಿಟಿಕೆಯಲ್ಲಿ ಹಿಡಿದು ಮೂಸಿ ನೋಡುವವರು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ: ಕಟ್ಟಿಗೆಯ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ವರ್ಗೀಕರಿಸಿದೆ.